ಒಕ್ಕಣ್ಣ ಗುಲಾಮನೂ ನಮ್ಮ ಅವ್ವನೂ

ಇಸ್ಪೀಟು ಅಂದರೆ ನಮ್ಮ ಕಡೆ ಮರ್ಯಾದಸ್ಥರ ಮನೆಯ ಮಾತಲ್ಲ. ದೀಪಾವಳಿ ಹತ್ತಿರ ಬಂದಾಗ ಹುಬ್ಬಳ್ಳಿಯ ಯಾವುದಾದರೂ ಪೇಪರಿನ ಒಳಪುಟ ತೆಗೆದು ನೋಡಿ. ಅಂದರ್-ಬಾಹರ್ ಆಡುತ್ತಿದ್ದವರ ಮೇಲೆ ದಾಳಿ, ಇಷ್ಟು ಜನ ವಶಕ್ಕೆ, ಇಷ್ಟು ನಗದು, ಜೊತೆಗೆ 52 ಇಸ್ಪೀಟ್ ಎಲೆ. ಜನ ಹೆಚ್ಚು ಕಮ್ಮಿ ಆಗಬಹುದು, ರೊಕ್ಕ ಹೆಚ್ಚು ಕಮ್ಮಿ ಆಗಬಹುದು, ಆ 52 ಮಾತ್ರ ತಪ್ಪುವುದಿಲ್ಲ. ಗೋಡೆ ಹಾರಿ ಓಡುವವರು ಎಲೆಗಳನ್ನು ಒಂದೂ ಬಿಡದೆ ಜೋಡಿಸಿಟ್ಟು ಓಡುತ್ತಾರೆಯೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಂಥ ಹೆಸರು ಕೆಟ್ಟ ವಸ್ತುವನ್ನು ಅಪ್ಪ ಇರುವ ತನಕ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಮದುವೆ ಮನೆಯಲ್ಲಿ ಊಟ ಮುಗಿಸಿ, ಜಮಖಾನೆ ಮೇಲೆ ಕೂತು ರಮ್ಮಿ ಆಡುವವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವ್ವನದೂ ಅದೇ ರಾಗ. "ಎಲಿ ಹಿಡದ ಕೈಯಾಗ ರೊಕ್ಕ ನಿಲ್ಲಂಗಿಲ್ಲ" ಅನ್ನುತ್ತಿದ್ದಳು. ಎಲೆ ಹಿಡಿಯದ ನಮ್ಮ ಕೈಯಲ್ಲೂ ರೊಕ್ಕವೇನು ನಿಂತದ್ದಿಲ್ಲ, ಆ ಮಾತು ಬೇರೆ.

ಇಂಥ ಮನೆಗೆ ತಂಗಿಯ ಮಗಳು ರಜೆಗೆ ಬರುವಾಗ ಸೀಕ್ವೆನ್ಸ್ ಎಂಬ ಆಟದ ಡಬ್ಬಿ ತಂದಳು. ಒಳಗೆ ಇಸ್ಪೀಟಿನ ಎಲೆ ಒಂದು ಕಟ್ಟಲ್ಲ, ಎರಡು ಕಟ್ಟು. ಅವ್ವ ಕನ್ನಡಕ ಏರಿಸಿಕೊಂಡು ಎಲೆಗಳನ್ನು ನೋಡಿದಳು, ಹುಡುಗಿಯ ಮುಖ ನೋಡಿದಳು. ಹುಡುಗಿ ಮಡಚಿದ್ದ ರಟ್ಟು ಬಿಡಿಸಿ ನೆಲದ ಮೇಲೆ ಹಾಸಿ, "ಇದು ಬೋರ್ಡ್ ಗೇಮ್ ಅಜ್ಜಿ" ಅಂದಳು. "ಹಂಗಾರ ಆತು" ಅಂದಳು ಅವ್ವ. ಅಷ್ಟೇ. ಇಷ್ಟು ವರ್ಷದ ನಿಷೇಧ ಒಂದು ರಟ್ಟಿನಿಂದ ಹೋಯಿತು. ರಟ್ಟು ಇದ್ದರೆ ಆಟ, ಇಲ್ಲದಿದ್ದರೆ ಜೂಜು.

ಯೋಚನೆ ಮಾಡಿದರೆ ಅವ್ವನ ಲೆಕ್ಕ ಸುಳ್ಳೂ ಅಲ್ಲ. ಹಾಸು ಇದ್ದ ಆಟಕ್ಕೆ ನಮ್ಮ ಜಿಲ್ಲೆಯಲ್ಲಿ ಮೊದಲಿಂದ ಮರ್ಯಾದೆ ಇದೆ. ನವಲಗುಂದದ ಹೆಣ್ಣುಮಕ್ಕಳು ಮನೆಯಲ್ಲೇ ಮಗ್ಗ ಹೂಡಿ ನೇಯುವ ಜಮಖಾನೆಯಲ್ಲಿ ನವಿಲು ಮೂಡಿಸುತ್ತಾರೆ, ಪಗಡೆ ಹಾಸಿನ ಮನೆಗಳನ್ನೂ ಮೂಡಿಸುತ್ತಾರೆ. ಈಗ ಆ ಜಮಖಾನೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಪಗಡೆಯಲ್ಲಿ ರಾಜ್ಯ ಕಳೆದವರ ಕಥೆ ಕೇಳಿ ಬೆಳೆದ ಜನ ನಾವು. ಆದರೂ ಪಗಡೆ ಹಾಸನ್ನು ನೇಯ್ದು ನಡುಮನೆಯಲ್ಲಿ ಹಾಸುತ್ತೇವೆ, ಇಸ್ಪೀಟನ್ನು ಮಾತ್ರ ಮಾಡಿನಲ್ಲಿ ಮುಚ್ಚಿಡುತ್ತೇವೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಬೋರ್ಡಿನ ಮೇಲೆ ಉದ್ದ ಹತ್ತು, ಅಡ್ಡ ಹತ್ತು, ಒಟ್ಟು 100 ಮನೆ. ಮನೆಗೊಂದು ಇಸ್ಪೀಟಿನ ಚಿತ್ರ. ಕೈಯಲ್ಲಿರುವ ಎಲೆ ಒಂದನ್ನು ಕೆಳಗೆ ಹಾಕುವುದು, ಅದೇ ಚಿತ್ರದ ಮನೆಯಲ್ಲಿ ನಮ್ಮ ಬಣ್ಣದ ಬಿಲ್ಲೆ ಇಡುವುದು, ಕಟ್ಟಿನಿಂದ ಹೊಸ ಎಲೆ ಎತ್ತಿಕೊಳ್ಳುವುದು. ಉದ್ದಕ್ಕೋ ಅಡ್ಡಕ್ಕೋ ಮೂಲೆಯಿಂದ ಮೂಲೆಗೋ ಐದು ಬಿಲ್ಲೆ ಸಾಲಾಗಿ ಕೂತರೆ ಒಂದು ಸೀಕ್ವೆನ್ಸ್. ಎರಡು ಪಂಗಡ ಆಡುವಾಗ ಯಾರು ಮೊದಲು ಎರಡು ಸಾಲು ಕಟ್ಟುತ್ತಾರೋ ಅವರು ಗೆದ್ದ ಹಾಗೆ. ಎತ್ತಿಕೊಳ್ಳಲು ಮರೆತರೆ, ಮುಂದಿನವರು ಆಡಿ ಎಲೆ ಎತ್ತಿದ ಮೇಲೆ ಕೇಳುವ ಹಾಗಿಲ್ಲ. ಕೊನೆ ತನಕ ಒಂದು ಎಲೆ ಕಮ್ಮಿಯಲ್ಲೇ ಆಡಬೇಕು.

ನಮ್ಮ ಕಾಕಾ ಬ್ಯಾಂಕಿನಿಂದ ರಿಟೈರ್ ಆದವರು. ಲೆಕ್ಕ ತಾಳೆಯಾಗದೆ ಎಲೆ ಮುಟ್ಟುವವರಲ್ಲ. ಎರಡು ಕಟ್ಟು ಅಂದರೆ 104 ಎಲೆ, ಮನೆ 100, ಉಳಿದ ನಾಲ್ಕು ಎಲ್ಲಿ ಹೋದವು ಎಂದು ಕೇಳಿದರು. ಹುಡುಗಿ ಬಿಡಿಸಿ ಹೇಳಿದಳು. ಗುಲಾಮರಿಗೆ ಬೋರ್ಡಿನ ಮೇಲೆ ಜಾಗ ಇಲ್ಲ. ಎಂಟು ಗುಲಾಮರನ್ನು ತೆಗೆದರೆ 96. ಆ 96 ಎಲೆಗೆ 96 ಮನೆ. ನಾಲ್ಕು ಮೂಲೆಗಳು ಯಾರದೂ ಅಲ್ಲ, ಎಲ್ಲರದೂ ಹೌದು, ಯಾರ ಸಾಲಿಗೆ ಬೇಕಾದರೂ ಸೇರುತ್ತವೆ. ಅಲ್ಲಿಗೆ ನೂರು. ಕಾಕಾ ಮನಸ್ಸಿನಲ್ಲೇ ಸಹಿ ಹಾಕಿದರು ಅಂತ ಕಾಣುತ್ತದೆ, "ಹಂಚು" ಅಂದರು.

ಬೋರ್ಡಿನ ಮೇಲೆ ಜಾಗವಿಲ್ಲದ ಈ ಗುಲಾಮರೇ ಆಟದ ಯಜಮಾನರು. ಇಸ್ಪೀಟಿನ ಎಲೆಗಳನ್ನು ಸರಿಯಾಗಿ ನೋಡಿ. ಡೈಮನ್ ಮತ್ತು ಕಳಾವರ್ ಗುಲಾಮರ ಎರಡೂ ಕಣ್ಣು ಕಾಣುತ್ತವೆ. ಇಸ್ಪೀಟು ಮತ್ತು ಆಟೀನ್ ಗುಲಾಮರು ಪಕ್ಕಕ್ಕೆ ತಿರುಗಿರುತ್ತಾರೆ, ಒಂದೇ ಕಣ್ಣು. ಇಷ್ಟು ಮದುವೆಗಳಲ್ಲಿ ರಮ್ಮಿ ಆಡಿದ ಕಾಕಾ ಕೂಡ ಇದನ್ನು ಗಮನಿಸಿರಲಿಲ್ಲ. ಎರಡು ಕಣ್ಣಿನವನು ಕೈಗೆ ಬಂದರೆ ಎಲ್ಲಿ ಖಾಲಿ ಇದೆಯೋ ಅಲ್ಲಿ ಬಿಲ್ಲೆ ಇಡಬಹುದು. ಒಕ್ಕಣ್ಣನು ಬಂದರೆ ಎದುರಿನವರ ಬಿಲ್ಲೆ ಒಂದನ್ನು ಕಿತ್ತು ಹಾಕಬಹುದು. ಪೂರ್ತಿಯಾದ ಸಾಲನ್ನು ಮಾತ್ರ ಮುಟ್ಟುವ ಹಾಗಿಲ್ಲ. ರಾಜ, ರಾಣಿ, ಎಕ್ಕ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕೂತಿರಬೇಕು, ಗುಲಾಮ ಮಾತ್ರ ಎಲ್ಲಿ ಬೇಕಾದರೂ ಓಡಾಡಬಹುದು. "ಬರೋಬ್ಬರಿ ಐತಿ" ಅಂದರು ಕಾಕಾ, "ಬ್ಯಾಂಕಿನ್ಯಾಗೂ ಹಿಂಗ ಇತ್ತು. ಮ್ಯಾನೇಜರ್ ಕೇಬಿನ್ ಬಿಟ್ಟು ಏಳ್ತಿದ್ದಿಲ್ಲ, ಪ್ಯೂನ್ ಕೈಯಾಗ ಎಲ್ಲಾ ಕೀಲಿ."

ಎಂಟು ಗುಲಾಮರು 104 ಎಲೆಗಳ ನಡುವೆ. ಅಂದರೆ ಹದಿಮೂರಕ್ಕೆ ಒಬ್ಬ. ಆರು ಜನ ಮೂವರು-ಮೂವರಾಗಿ ಆಡುವಾಗ ಒಬ್ಬೊಬ್ಬರಿಗೆ ಐದೇ ಎಲೆ. ಹಾಗಾಗಿ ಗುಲಾಮ ಕೈಗೆ ಬಂದಾಗ ಮುಖದ ಮೇಲೆ ತೋರಿಸಿಕೊಳ್ಳದೆ ಇರುವುದು ದೊಡ್ಡ ವಿದ್ಯೆ. ನಮ್ಮ ಕಾಕುಗೆ ಆ ವಿದ್ಯೆ ಚೆನ್ನಾಗಿ ಬರುತ್ತದೆ. ಅವರು ಗದಗಿನವರು, ಮಾತು ಕಮ್ಮಿ. ಒಕ್ಕಣ್ಣನನ್ನು ಬಚ್ಚಿಟ್ಟುಕೊಂಡು, ಎದುರಿನವರು ನಾಲ್ಕನೆಯ ಬಿಲ್ಲೆ ಇಟ್ಟು ಖುಷಿಯಾಗಿ ಕಾಲು ಚಾಚುವ ತನಕ ಕಾಯುತ್ತಾರೆ. ಆಮೇಲೆ ನಡುವಿನ ಬಿಲ್ಲೆಯನ್ನೇ ಎರಡು ಬೆರಳಲ್ಲಿ ಎತ್ತಿ, ಎದುರಿನವರ ಅಂಗೈ ಹಿಡಿದು ಅದರಲ್ಲಿ ಇಡುತ್ತಾರೆ. ಅರಿಶಿನ-ಕುಂಕುಮದ ಜೊತೆ ಎಲೆ-ಅಡಿಕೆ ಕೊಟ್ಟ ಹಾಗೆ, ಅಷ್ಟೇ ನಯವಾಗಿ.

ಅದೃಷ್ಟ ಎಷ್ಟು, ಬುದ್ಧಿ ಎಷ್ಟು ಎಂಬ ಜಗಳ ಪ್ರತಿ ಆಟದ ಕೊನೆಗೂ ಇದೆ. ಚೌಕಾಬಾರದಲ್ಲಿ ಕವಡೆ ಬೀಳದಿದ್ದರೆ ಎಂಥ ಜಾಣನೂ ಮನೆ ಬಿಟ್ಟು ಏಳುವುದಿಲ್ಲ. ಚದುರಂಗದಲ್ಲಿ ಸೋತರೆ ನೆಪವೇ ಇಲ್ಲ, ನಮ್ಮ ತಲೆಯದೇ ತಪ್ಪು. ಸೀಕ್ವೆನ್ಸ್ ಇವೆರಡರ ನಡುವೆ ಇದೆ. ನಾಲ್ಕು ಬಿಲ್ಲೆ ಸಾಲಾಗಿವೆ, ಐದನೆಯದು ಆಟೀನ್ ಏಳರ ಮನೆ, ಆ ಎಲೆ ನಮ್ಮಲ್ಲಿಲ್ಲ ಅಂದುಕೊಳ್ಳಿ. ಇಡೀ ಆಟದಲ್ಲಿ ಆಟೀನ್ ಏಳು ಇರುವುದು ಎರಡೇ. ಒಂದು ಆಗಲೇ ಕೆಳಗೆ ಬಿದ್ದಿದ್ದರೆ ಉಳಿದದ್ದು ಕಟ್ಟಿನಲ್ಲಿದೆಯೋ, ಕಾಕು ಕೈಯಲ್ಲಿದೆಯೋ? ಬಿದ್ದ ಎಲೆಗಳನ್ನು ನೆನಪಿಟ್ಟವರಿಗೆ ಇಷ್ಟಾದರೂ ಊಹೆ ಸಿಗುತ್ತದೆ, ಉಳಿದವರು ಕಟ್ಟಿನ ಮೇಲೆ ಭಾರ ಹಾಕಬೇಕು. ಸೋತವರು ಎಲೆಯನ್ನು ಬೈಯಬಹುದು, ಗೆದ್ದವರು ತಲೆಯನ್ನು ಹೊಗಳಿಕೊಳ್ಳಬಹುದು. ಮನೆಮಂದಿ ಆಡುವ ಆಟಕ್ಕೆ ಇಷ್ಟು ಸಡಿಲು ಇರಲೇಬೇಕು. ಇಲ್ಲದಿದ್ದರೆ ರಾತ್ರಿ ಊಟಕ್ಕೆ ಯಾರೂ ಒಟ್ಟಿಗೆ ಕೂರುವುದಿಲ್ಲ.

ಎಲ್ಲ ನಿಯಮಗಳನ್ನೂ ನಮ್ಮ ಮನೆ ಒಪ್ಪಿಕೊಂಡಿತು. ಒಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಜೊತೆಗಾರರಿಗೆ ಹೇಳಿಕೊಡಬಾರದಂತೆ. ಹೇಳಿಕೊಟ್ಟರೆ ಆ ಪಂಗಡದ ಪ್ರತಿಯೊಬ್ಬರೂ ಒಂದೊಂದು ಎಲೆ ಕಳೆದುಕೊಳ್ಳಬೇಕು. 1982ರಲ್ಲಿ ಅಂಗಡಿಗೆ ಬಂದ ಈ ಆಟದ ತವರು ಅಮೆರಿಕದ ಮಿನೆಸೋಟಾ. ಅಲ್ಲಿ ಹಿಮ ಬಿದ್ದು ಜನ ತಿಂಗಳುಗಟ್ಟಲೆ ಮನೆಯೊಳಗೆ ಇರುತ್ತಾರೆ, ಸುಮ್ನೆ ಕೂತು ಆಡುವುದು ಅವರಿಗೆ ಸಾಧ್ಯವಿರಬಹುದು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ನಾವೂ ಒಳಗೇ ಇರುತ್ತೇವೆ, ಆದರೆ ಬಾಯಿ ಮುಚ್ಚಿಕೊಂಡಲ್ಲ. ನಮ್ಮ ಓಣಿಯ ಕಟ್ಟೆ ಮೇಲೆ ಕೇರಂ ಆಡುವವರು ನಾಲ್ಕು ಜನ ಇದ್ದರೆ ಹೇಳಿಕೊಡುವವರು ಹತ್ತು ಜನ. ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನಲು ನಿಂತರೂ ಪಕ್ಕದವರು, "ಮಿರ್ಚಿ ಈಗ ತಗೋಬ್ಯಾಡ್ರಿ, ಮುಂದಿನ ಘಾಣ ಬರ್ಲಿ" ಎಂದು ಕೇಳದೇ ಹೇಳುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ, ಪಕ್ಕದವರು ಎಡವುವುದು ಕಣ್ಣಿಗೆ ಕಾಣುತ್ತಿದ್ದರೂ ಸುಮ್ಕುಂದ್ರು ಅಂದರೆ ಹೇಗೆ?

ನಮ್ಮ ಅವ್ವ ಎಲೆಗಳನ್ನು ಕೈಯಲ್ಲಿ ಹಿಡಿಯುವುದಿಲ್ಲ. ಬೀಸಣಿಕೆಯ ಹಾಗೆ ಹರವಲು ಬೆರಳು ಕೇಳುವುದಿಲ್ಲ. ತೊಡೆಯ ಮೇಲೆ ಬೋರಲಾಗಿ ಸಾಲು ಹಾಕಿ, ಮೇಲೆ ಸೆರಗು ಮುಚ್ಚುತ್ತಾಳೆ. ತನ್ನ ಪಾಳಿ ಬಂದಾಗ ಸೆರಗಿನ ಒಳಗೆ ಹೆಬ್ಬೆರಳಿನಿಂದ ಒಂದೊಂದೇ ಎಲೆಯ ಮೂಲೆ ಎತ್ತಿ ಬಗ್ಗಿ ನೋಡುತ್ತಾಳೆ. ಅವಳ ಎಲೆ ಕದ್ದು ನೋಡುವುದು ಯಾರಿಂದಲೂ ಆಗಿಲ್ಲ. ಆದರೆ ಬಾಯಿ? ಅವಳ ಪಂಗಡದಲ್ಲಿ ಮೊಮ್ಮಗಳೂ ನಾನೂ. ಎದುರಿಗೆ ಕಾಕಾ, ಕಾಕು, ನಮ್ಮಾಕಿ. ಮೊದಮೊದಲು ಅವ್ವ ನೇರವಾಗಿ, "ಅಲ್ಲೆ ಇಡಬ್ಯಾಡ, ಹುಚ್ಚಿ" ಎಂದುಬಿಡುತ್ತಿದ್ದಳು. ದಂಡ ಬಿತ್ತು. ಆಮೇಲೆ ಕೆಮ್ಮು ಶುರುವಾಯಿತು. ಬೇಡ ಅನ್ನುವುದಕ್ಕೆ ಒಣಕೆಮ್ಮು, ಹೂಂ ಅನ್ನುವುದಕ್ಕೆ ಕಫದ ಕೆಮ್ಮು. ಕಾಕು ಎದ್ದು ಹೋಗಿ ಜ್ಯೇಷ್ಠಮಧು ತಂದು ಕೈಗೆ ಕೊಟ್ಟರು. ಕೆಮ್ಮು ನಿಂತಿತು.

ಆಮೇಲೆ ಗಡಿಯಾರ. ಆಟದ ನಡುವೆ ಅವ್ವ ಗೋಡೆ ನೋಡಿ, "ಏಳು ಹೊಡೀತೇನ ಆಗ್ಲೇ?" ಅಂದಳು. ಆಗ ಸಂಜೆ ಐದು ಕೂಡ ಆಗಿರಲಿಲ್ಲ. ಹುಡುಗಿ ಏಳರ ಮನೆಯನ್ನು ಅಜ್ಜಿಗೆ ಬಿಟ್ಟು ಬೇರೆ ಕಡೆ ಬಿಲ್ಲೆ ಇಟ್ಟಳು. ನಮ್ಮಾಕಿ ಶಾಲೆಯಲ್ಲಿ ಪಾಠ ಹೇಳುವವಳು, ಪರೀಕ್ಷೆ ಕೋಣೆಯಲ್ಲಿ ಕಾವಲು ಕಾಯ್ದು ಪಳಗಿದ ಕಣ್ಣು. ಗಡಿಯಾರ ಇಳಿಸಿ ಅಡುಗೆಮನೆಗೆ ಒಯ್ದಳು.

ಕೊನೆಗೆ ದೇವರು ಬಂದರು. ಕೂರುವಾಗ, ಏಳುವಾಗ, ಆಕಳಿಸುವಾಗ ದೇವರ ಹೆಸರು ಹೇಳುವುದು ಅವ್ವನ ಹಳೆಯ ರೂಢಿ. ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. "ಶಿವನೇ" ಅಂದರೆ ಇಸ್ಪೀಟು, "ಬಸವಣ್ಣಾ" ಅಂದರೆ ಕಳಾವರ್, "ವೀರಭದ್ರಾ" ಅಂದರೆ ಡೈಮನ್, ಸವದತ್ತಿ "ಎಲ್ಲವ್ವಾ" ಅಂದರೆ ಆಟೀನು. ಅಜ್ಜಿ-ಮೊಮ್ಮಗಳು ಇದನ್ನು ಯಾವಾಗ ಗೊತ್ತು ಮಾಡಿಕೊಂಡರೋ, ಅವರ ಪಂಗಡದವನಾದ ನನಗೂ ಹೇಳಿರಲಿಲ್ಲ. ಎಲ್ಲವ್ವನನ್ನು ಕರೆದಾಗಲೆಲ್ಲ ಹುಡುಗಿ ಕೆಂಪು ಎಲೆ ಹುಡುಕುವುದನ್ನು ನಮ್ಮಾಕಿ ನೋಡಿ, "ಅತ್ತಿ, ದಂಡ ಕೊಡ್ರಿ" ಅಂದಳು.

ಅವ್ವ ಸೆರಗು ಬಿಗಿ ಮಾಡಿಕೊಂಡಳು. "ದೇವ್ರ ಹೆಸರು ತಗೊಂಡ್ರ ಎಲಿ ಕಸಗೋತಾರೇನವಾ? ಯಾವ ಪುಸ್ತಕದಾಗ ಬರದೈತಿ?"

ಡಬ್ಬಿಯ ಜೊತೆ ಬಂದಿದ್ದ ನಿಯಮದ ಹಾಳೆಯನ್ನು ಕಾಕಾ ಹಿಂದೆ ಮುಂದೆ ಓದಿದರು. ಮಿನೆಸೋಟಾದವರು ಈ ವಿಷಯ ಯೋಚಿಸಿಯೇ ಇರಲಿಲ್ಲ. ಕೊನೆಗೆ ತಾವೇ ತೀರ್ಪು ಕೊಟ್ಟರು. ದೇವರ ಹೆಸರು ಹೇಳಲು ಅಡ್ಡಿಯಿಲ್ಲ, ಆದರೆ ಒಂದು ಆಟಕ್ಕೆ ಒಂದೇ ದೇವರು. ಎಲೆ ಹಂಚುವ ಮೊದಲೇ ಯಾರೆಂದು ಹೇಳಿಬಿಡಬೇಕು.

"ಆತು. ನಾ ಶಿವನ್ನ ಇಟಗೋತೀನಿ" ಅಂದಳು ಅವ್ವ. ಕಾಕಾ ಎಲೆ ಕಲಸಲು ಶುರು ಮಾಡಿದರು. ಅವ್ವ ಅವರ ಕೈ ಹಿಡಿದು ನಿಲ್ಲಿಸಿದಳು. "ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಿದ್ಧಾರೂಢ ಅಜ್ಜಾರು ದೇವ್ರ ಲೆಕ್ಕಕ್ಕ ಬರ್ತಾರೋ, ಗುರುಗಳ ಲೆಕ್ಕಕ್ಕ ಬರ್ತಾರೋ?"

ಕಾಕಾ ಹಳೇ ಹುಬ್ಬಳ್ಳಿಯ ಮಠಕ್ಕೆ ತಪ್ಪದೆ ನಡೆದುಕೊಳ್ಳುವವರು. ಎಲೆಗಳನ್ನು ಕೆಳಗಿಟ್ಟು ಕಾಕು ಮುಖ ನೋಡಿದರು. ಕಾಕು ಬೋರ್ಡು ಮಡಚತೊಡಗಿದರು.