ನಾಲ್ಕನೇ ಸೆನ್ಸರು

ಮಂಡಗದ್ದೆ ಹತ್ತಿರ ಬರುವಾಗ ಕಾರಿನ ಮೀಟರಿನಲ್ಲಿ ಹಳದಿ ದೀಪವೊಂದು ಮಿಣಕ್ ಮಿಣಕ್ ಅನ್ನತೊಡಗಿತು. ಒಂದು ನಿಮಿಷ ಹಾಗೇ ಮಿಣುಕಿ, ಆಮೇಲೆ ಗಟ್ಟಿಯಾಗಿ ಕೂತುಬಿಟ್ಟಿತು. ಕುದುರೆ ಲಾಳದಂಥ ಆಕಾರ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಟಯರಿನಲ್ಲಿ ಗಾಳಿ ಕಮ್ಮಿ ಅಂತ ಹೇಳುವ ದೀಪ. ಟಯರನ್ನು ಅಡ್ಡ ಕೊಯ್ದರೆ ಹಾಗೆ ಕಾಣುತ್ತದಂತೆ. ಮಾರನೇ ದಿನ ಅದನ್ನು ನೋಡಿದ ಮಗಳು, "ಪಪ್ಪಾ, ಯಾರೋ ಪಾತ್ರೆಯೊಳಗೆ ಸೌಟು ಬಿಟ್ಟು ಮರೆತಿದಾರೆ" ಎಂದಳು.

ಇಳಿದು ನಾಲ್ಕೂ ಚಕ್ರಕ್ಕೆ ಒಂದೊಂದು ಒದೆ ಕೊಟ್ಟೆ. ಗಾಳಿ ನೋಡುವುದಕ್ಕೆ ನಮ್ಮ ಮನೆತನದಲ್ಲಿ ನಡೆದುಬಂದ ಕ್ರಮ ಇದು. ಆದರೆ ಅಲಾಯ್ ವೀಲು ಹಾಕಿಸಿ ಇನ್ನೂ ಮೂರು ದಿನ. ಹಾಗಾಗಿ ರಿಮ್ಮಿಗೆ ತಾಗದ ಹಾಗೆ, ಟಯರಿಗೆ ಮಾತ್ರ, ಮರ್ಯಾದೆಯಿಂದ ಒದ್ದೆ. ಎಲ್ಲ ಗಟ್ಟಿಯಾಗೇ ಇದ್ದವು.

ಅಲಾಯ್ ಯಾಕೆ ಬೇಕಿತ್ತು ಅಂತ ಕೇಳಬೇಡಿ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಎದುರು ಮನೆಯವರು ಹಾಕಿಸಿದ್ದರು, ಅಷ್ಟೇ. ನನ್ನ ಕಾರಿಗೆ ಇದ್ದದ್ದು 16 ಇಂಚಿನ ಸ್ಟೀಲ್ ರಿಮ್ಮು, ಮೇಲೊಂದು ಪ್ಲಾಸ್ಟಿಕ್ ಕ್ಯಾಪು. ಆ ನಾಲ್ಕು ಕ್ಯಾಪಿನಲ್ಲಿ ಒಂದು ಆಗುಂಬೆ ಘಾಟಿಯ 14 ತಿರುವಿನಲ್ಲಿ ಎಲ್ಲೋ ಉದುರಿ, ಮೂರೇ ಉಳಿದಿದ್ದವು. ಈಗ 17 ಇಂಚು, ಹೊಸ ಟಯರಿನ ಸಮೇತ. ಟಯರಿನ ಪಕ್ಕೆ ತೆಳ್ಳಗಾದದ್ದರಿಂದ ಮೊದಲು ಕಾರಿಗೆ ಮಾತ್ರ ಗೊತ್ತಾಗುತ್ತಿದ್ದ ಗುಂಡಿಗಳು ಈಗ ನನ್ನ ಸೊಂಟಕ್ಕೂ ಗೊತ್ತಾಗುತ್ತವೆ.

ಅಂಗಡಿಯವನು "ಹಳೇದು ನಮಗೇ ಬಿಡ್ತೀರಾ ಸಾರ್? ರೇಟಲ್ಲಿ ಕಳೀತೀನಿ" ಎಂದ. ಮಲೆನಾಡಿನವನ ಹತ್ತಿರ ಕೇಳುವ ಪ್ರಶ್ನೆಯಾ ಅದು? ನಮ್ಮ ಊರಮನೆಯ ಅಟ್ಟದಲ್ಲಿ ಅಜ್ಜನ ಗ್ಯಾಸ್‌ಲೈಟಿನ ಒಡೆದ ಗಾಜು ಇಂದಿಗೂ ಇದೆ. ಬೇಕಾದೀತು ಅಂತ. ಟಯರು ಅರ್ಧ ಮಾತ್ರ ಸವೆದಿರುವ ನಾಲ್ಕು ಚಕ್ರ ಬಿಟ್ಟು ಬರುವುದುಂಟಾ? ಹಿಂದಿನ ಸೀಟು ಮಡಚಿ, ನಾಲ್ಕನ್ನೂ ತುಂಬಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋಗಿ ಕೊಟ್ಟಿಗೆಯಲ್ಲಿ ಇಳಿಸಿ ಬಂದೆ. ಹೋಗುವಾಗ ದೀಪದ ಸುಳಿವಿಲ್ಲ. ಖಾಲಿ ಕಾರಿನಲ್ಲಿ ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಹತ್ತಿತು. ಇದನ್ನು ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ.

ಮುಂದಿನ ಎರಡು ವಾರ ಶಿವಮೊಗ್ಗದ ಪೆಟ್ರೋಲ್ ಬಂಕುಗಳಲ್ಲಿ ಗಾಳಿ ಹಿಡಿಯುವ ಹುಡುಗರಿಗೆಲ್ಲ ನಾನು ಪರಿಚಿತನಾದೆ. ಎಲ್ಲಿ ನೋಡಿಸಿದರೂ 33. "ಸರಿ ಇದೆ ಸಾರ್" ಅನ್ನುತ್ತಿದ್ದರು. ಒಬ್ಬ "ನೈಟ್ರೋಜನ್ ಹಾಕ್ಸಿ" ಎಂದ. ಹಾಕಿಸಿದೆ. ಅದಕ್ಕೂ ದೀಪ ಕ್ಯಾರೇ ಅನ್ನಲಿಲ್ಲ. ಹೆಂಡತಿ ಮಾತ್ರ "ರೀ, ಅದರ ಮೇಲೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಲಾ?" ಎಂದು ಕೇಳಿದಳು. ಅವಳು ಯಾವ ಸಮಸ್ಯೆಯನ್ನೂ ಬೆಳೆಯಲು ಬಿಡುವವಳಲ್ಲ.

ಕೊನೆಗೆ ಆಟೋ ಕಾಂಪ್ಲೆಕ್ಸಿನ ಒಬ್ಬ ಮೆಕ್ಯಾನಿಕ್ ಹುಡುಗನ ಹತ್ತಿರ ಹೋದೆ. ಅವನು ಮೊದಲು ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಯಾವುದೋ ಬಟನ್ ಹುಡುಕಿದ. ಈ ದೀಪದಲ್ಲಿ ಎರಡು ಜಾತಿಯಂತೆ. ಒಂದು ಜಾತಿಗೆ ಟಯರೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಚಕ್ರ ಚೂರು ಚಿಕ್ಕದಾಗಿ ಬೇರೆಯವಕ್ಕಿಂತ ಜಾಸ್ತಿ ಸುತ್ತುತ್ತದೆ, ಬ್ರೇಕು ನೋಡಿಕೊಳ್ಳುವ ಎಬಿಎಸ್‌ನವರು ಅದನ್ನು ಎಣಿಸಿ ಚಾಡಿ ಹೇಳುತ್ತಾರೆ. ಅಂಥ ಕಾರಾದರೆ ಬಟನ್ ಒತ್ತಿ, ಒಂದಿಷ್ಟು ದೂರ ಓಡಿಸಿದರೆ ಮುಗೀತು. ನನ್ನದು ಇನ್ನೊಂದು ಜಾತಿ.

"ಹಳೇ ಚಕ್ರದ ಒಳಗೆ, ವಾಲ್ವಿನ ಬುಡಕ್ಕೆ ಒಂದು ಸೆನ್ಸರ್ ಇರ್ತದೆ ಸಾರ್. ಕಪ್ಪು ಡಬ್ಬಿ. ಅದರಲ್ಲೇ ಬ್ಯಾಟರಿ, ಅದರಲ್ಲೇ ರೇಡಿಯೋ. ಒಂದೊಂದಕ್ಕೂ ಒಂದೊಂದು ನಂಬರು. ನಿಮ್ಮ ಕಾರಿಗೆ ಗೊತ್ತಿರೋದು ಆ ನಾಲ್ಕು ನಂಬರು ಮಾತ್ರ. ಸೀದಾ ಹತ್ತಿ ನಿಂತ್ರೆ ಗಾಳಿ ಕಮ್ಮಿ ಅಂತ. ಹೀಗೆ ಮಿಣುಕಿ ಆಮೇಲೆ ನಿಂತ್ರೆ, ನಮ್ಮೋರು ಯಾರೂ ಕಾಣ್ತಿಲ್ಲ ಅಂತ."

ಅಂದರೆ ಇಷ್ಟು ದಿನ ಕಾರು ಗಾಳಿಯ ಬಗ್ಗೆ ದೂರಿದ್ದಲ್ಲ. ತವರಿನವರನ್ನು ಕರೆಯುತ್ತಿತ್ತು. ಊರಿಗೆ ಹೋಗುವಾಗ ಸುಮ್ಮನಿದ್ದದ್ದೂ ಅದಕ್ಕೇ ಎಂದ ಅವನು. ನಾಲ್ಕೂ ಜನ ಹಿಂದಿನ ಸೀಟಿನಲ್ಲೇ ಇದ್ದರಲ್ಲ.

"ಹಳೇ ಚಕ್ರ ತನ್ನಿ ಸಾರ್, ಸೆನ್ಸರ್ ಬಿಚ್ಚಿ ಇದಕ್ಕೆ ಹಾಕಿದ್ರಾಯ್ತು."

ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ಕ್ಷಣ ತಡೆದು, "ಚಕ್ರ ಅಂದ್ರೆ, ಪೂರ್ತಿ ಚಕ್ರವೇ ಬೇಕಾಗಿತ್ತಾ?" ಎಂದರು. ಆ ಪ್ರಶ್ನೆಯಲ್ಲೇ ನನಗೆ ಅರ್ಧ ಉತ್ತರ ಸಿಕ್ಕಿತು.

ಭಾನುವಾರ ಹೋಗಿ ನೋಡಿದರೆ ಎರಡು ಚಕ್ರ ಇಟ್ಟಲ್ಲೇ ಇದ್ದವು. ಒಂದರ ಮೇಲೆ ಕೋಳಿ ಕಾವು ಕೂತಿತ್ತು. ಇನ್ನೆರಡು ನಾಲ್ಕಾಗಿದ್ದವು. ಒಂದು ಟಯರು ಹಲಸಿನ ಮರದಲ್ಲಿ ಮಗಳಿಗಾಗಿ ಜೋಕಾಲಿ. ಇನ್ನೊಂದು ಟಯರು ಕಟ್ಟಿಗೆ ರಾಶಿಯ ಟಾರ್ಪಾಲು ಹಾರದ ಹಾಗೆ ಕೂತಿದೆ. ಒಂದು ರಿಮ್ಮು ಬಚ್ಚಲ ಎದುರು ಅಗ್ಗಿಷ್ಟಿಕೆ, ಒಳಗೆ ಬೂದಿ ಇನ್ನೂ ಬೆಚ್ಚಗಿತ್ತು. ಇನ್ನೊಂದು ರಿಮ್ಮನ್ನು ಅಂಗಳದ ಕಂಬಕ್ಕೆ ಬೋಲ್ಟ್ ಹಾಕಿ ಕೂರಿಸಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪೈಪನ್ನು ಅದಕ್ಕೆ ಸುತ್ತಿದ್ದರು. ಸುರುಳಿ ಎಷ್ಟು ಚಂದ ಕೂತಿತ್ತೆಂದರೆ, ಆ ರಿಮ್ಮು ತಯಾರಿಸಿದವರು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಏನೋ ಅನ್ನಿಸಿತು.

"ಒಳಗೆ ಕಪ್ಪು ಡಬ್ಬಿ ಇತ್ತಲ್ಲ ಅಪ್ಪಯ್ಯ?"

ಅಪ್ಪಯ್ಯ ಅಮ್ಮನ ಮುಖ ನೋಡಿದರು. ಅಮ್ಮ ಒಲೆಯ ಕಡೆ ನೋಡಿದಳು.

ನಡೆದದ್ದು ಹೀಗೆ. ತೋಟದ ಕೆಲಸಕ್ಕೆ ಬರುವವನು ಹಾರೆ ಹಾಕಿ ಮೊದಲ ಟಯರು ಎಬ್ಬಿಸಿದ. ಒಳಗಿನಿಂದ ಬಾಲ ಇರುವ ಕಪ್ಪು ಡಬ್ಬಿಯೊಂದು ಟಣ್ ಅಂತ ಕೆಳಗೆ ಬಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದು "ಅಮ್ಮಾ, ಯಾರೋ ಎಂತದೋ ಮಾಡ್ಸಿದಾರೆ" ಎಂದ. ಮುಚ್ಚಿದ ಟಯರಿನ ಒಳಗೆ, ಯಾರಿಗೂ ಕಾಣದ ಜಾಗದಲ್ಲಿ, ಮಗನ ಕಾರಿನಲ್ಲಿ! ಅಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅದನ್ನು ಬಾಳೆಲೆಯಲ್ಲಿ ಸುತ್ತಿ, ಬರಿಗೈಯಲ್ಲಿ ಮುಟ್ಟದೆ, ತೋಟದ ಮೇಲಿನ ಚೌಡಿ ಬನಕ್ಕೆ ಒಯ್ದು, ಕಾಯಿ ಒಡೆಸಿ, "ನೀನೇ ನೋಡ್ಕ ತಾಯಿ" ಎಂದು ಒಪ್ಪಿಸಿ ಬಂದಿದ್ದಳು.

ಮಾರನೇ ದಿನ ಎರಡನೇ ಟಯರಿನಲ್ಲೂ ಅಂಥದ್ದೇ ಡಬ್ಬಿ ಸಿಕ್ಕಾಗ ಅಪ್ಪಯ್ಯನಿಗೆ ಅನುಮಾನ ಬಂತು. "ಚಕ್ರಕ್ಕೊಂದರಂತೆ ಮಾಟ ಮಾಡಿಸುವಷ್ಟು ಖರ್ಚು ಮಾಡೋ ದಾಯಾದಿ ನಮಗೆ ಇಲ್ಲ. ಇದು ಕಂಪನಿಯದೇ ಇರಬೇಕು" ಎಂದು ಅದನ್ನು ಎಲೆ-ಅಡಿಕೆ ಪೆಟ್ಟಿಗೆಯಲ್ಲಿ, ಅಡಕತ್ತರಿಯ ಪಕ್ಕ ಹಾಕಿಟ್ಟಿದ್ದರು. ತೆಗೆದು ಕೊಟ್ಟರು. ಸುಣ್ಣ ಒರೆಸಿದರೆ ಹೊಸದರಂತೆ ಇತ್ತು.

ಅಷ್ಟರಲ್ಲಿ ಅಮೆರಿಕದಲ್ಲಿರುವ ಭಾವನ ಫೋನು. ವಿಷಯ ಹೇಳಿದ್ದೇ ತಡ, ಬಿದ್ದು ಬಿದ್ದು ನಕ್ಕರು. ಅಲ್ಲಿ 2007ರಿಂದ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಂತೆ. ಹಿಮ ಬೀಳುವ ಊರಿನವರು ಚಳಿಗಾಲ ಬಂತೆಂದರೆ ಬೇರೆ ಚಕ್ರವೇ ಹಾಕಿಕೊಳ್ಳುತ್ತಾರೆ, ಹಾಗಾಗಿ ಈ ತಲೆನೋವು ಅವರಿಗೆ ವರ್ಷಾವಧಿ ಹಬ್ಬ. "ಅದಕ್ಕೊಂದು ಕಳ್ಳದಾರಿ ಉಂಟು ಮಾರಾಯ. ಪಿವಿಸಿ ಪೈಪಿನ ತುಂಡಿಗೆ ನಾಲ್ಕೂ ಸೆನ್ಸರ್ ಹಾಕಿ, ಎರಡೂ ಕಡೆ ಮುಚ್ಚಿ, ಗಾಳಿ ತುಂಬಿಸಿ ಡಿಕ್ಕಿಯಲ್ಲಿಟ್ಟರಾಯ್ತು. ಎಷ್ಟೋ ಜನ ಮಾಡ್ತಾರೆ."

ಚಕ್ರ ಓಡುವುದು ರಸ್ತೆಯ ಮೇಲೆ, ಗಾಳಿಯ ಲೆಕ್ಕ ಡಿಕ್ಕಿಯ ಪೈಪಿನದು! ನನಗೆ ಇದು ಸರಿಬರಲಿಲ್ಲ. ಆದರೆ ಪೈಪು ಅಂದ ಕೂಡಲೇ ಅಪ್ಪಯ್ಯ ಎದ್ದು ನಿಂತಿದ್ದರು. ಅಡಿಕೆ ತೋಟದ ಮನೆಯಲ್ಲಿ ಪೈಪಿಗೆ ಬರವೇ? ಎರಡಿಂಚಿನದು, ಮೂರಿಂಚಿನದು, ಎಂಡ್ ಕ್ಯಾಪು, ಸೊಲ್ಯೂಷನ್ ಎಲ್ಲ ತಂದು ಜಗಲಿಯಲ್ಲಿ ಹರಡಿದರು. ಅವರನ್ನು ತಡೆದದ್ದು ನನ್ನ ವಾದ ಅಲ್ಲ. ಸೆನ್ಸರು ಇದ್ದದ್ದು ಮೂರೇ.

ನಾಲ್ಕನೆಯದನ್ನು ನೋಡಿ ಬರಲು ಬನಕ್ಕೆ ಹೋದೆ. ಚೌಡಿಯ ಕಲ್ಲಿನ ಪಕ್ಕ, ಒಣಗಿದ ದಾಸವಾಳದ ನಡುವೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ವಾಲ್ವ್ ಮೇಲೆ ಮಾಡಿ ನಿಂತಿತ್ತು. ಮಳೆಗೆ ಕುಂಕುಮ ಇಳಿದು ಡಬ್ಬಿಯ ನಂಬರಿನ ಮೇಲೆ ಗೆರೆ ಕಟ್ಟಿತ್ತು. ನಿಜ ಹೇಳಬೇಕೆಂದರೆ, ಅಲ್ಲಿ ಅದು ಒಪ್ಪುತ್ತಿತ್ತು. ಕೈ ಚಾಚಿದೆ. ಹಿಂದಿನಿಂದ ಅಮ್ಮ, "ಕೊಟ್ಟಿದ್ದನ್ನ ವಾಪಸ್ ತಗಳದಾ? ನಿನ್ನ ದೀಪ ಆರದೇ ಇದ್ರೂ ಅಡ್ಡಿಲ್ಲ" ಎಂದಳು. ಕೈ ಹಿಂದೆ ತಗೊಂಡೆ.

ಹೊಸದೊಂದಕ್ಕೆ 2,800 ರೂಪಾಯಿ ಕೊಟ್ಟೆ. ಮೆಕ್ಯಾನಿಕ್ ಹುಡುಗ ನಾಲ್ಕೂ ಟಯರು ಮತ್ತೆ ಬಿಚ್ಚಿ, ಹಳೇ ಮೂರು, ಹೊಸದೊಂದು ಕೂರಿಸಿ, ಮತ್ತೆ ಬ್ಯಾಲೆನ್ಸಿಂಗ್ ಮಾಡಿದ. ಹೊಸದು ಹಿಂದಿನ ಎಡಗಡೆಗೆ ಬಂತು. ಆಮೇಲೆ ರಿಮೋಟಿನಂಥ ಯಂತ್ರವೊಂದನ್ನು ಒಂದೊಂದು ಚಕ್ರದ ಹತ್ತಿರ ಹಿಡಿದು ಪೀಂ ಅನ್ನಿಸಿ, ಕಾರಿಗೆ ಹೊಸ ನಂಬರಿನ ಪರಿಚಯ ಮಾಡಿಕೊಟ್ಟ. ದೀಪ ಆರಿತು.

ಒಂದು ತಿಂಗಳು ಸುಖವಾಗಿತ್ತು. ಒಂದು ಬೆಳಿಗ್ಗೆ ಊರ ಮನೆಯ ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡಿದೆ. ದೀಪ ಹತ್ತಿತು. ಮಿಣುಕಲಿಲ್ಲ, ಸೀದಾ ನಿಂತಿತು. ನನಗಾದ ಖುಷಿ ಅಷ್ಟಿಷ್ಟಲ್ಲ. "ಗಾಳಿ ಕಮ್ಮಿ! ನಿಜವಾಗ್ಲೂ ಗಾಳಿ ಕಮ್ಮಿ!" ಎಂದು ಕೂಗುತ್ತಾ ಇಳಿದೆ. ಹಿಂದಿನ ಎಡಗಡೆಯದು. ಒಂದು ಮೊಳೆ ಹೊಕ್ಕಿತ್ತು.

"ಇದೇ ಅಲ್ವನಾ ಚೌಡಿ ಪಾಲಿನ ಚಕ್ರ?" ಎಂದಳು ಅಮ್ಮ, ಬಾಗಿಲಲ್ಲಿ ನಿಂತು. "ನೋಡು, ಹೆಂಗೆ ಹೇಳಿದ್ಲು."

ಅಪ್ಪಯ್ಯ ಬಂದು ಟಯರಿಗೆ ಒಂದು ಒದ್ದರು. "ಗಾಳಿ ಇಲ್ಲ ಅನ್ನಕ್ಕೆ ದೀಪ ಬೇರೆ ಬೇಕಾ" ಎಂದರು. ಸ್ಟೆಪ್ನಿ ಹಾಕಲು ಕೂತ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಿಚ್ಚಿಟ್ಟ ಅಲಾಯ್ ವೀಲನ್ನು ಅತ್ತ ಇತ್ತ ತಿರುಗಿಸಿದರು. ಬೆರಳಿನಿಂದ ಅಂಚು ಸವರಿದರು.

"ಇದು ತುಕ್ಕು ಹಿಡಿಯಲ್ಲ ಅಲ್ವಾ? ಕಂಬದಲ್ಲಿರೋದು ಆಗಲೇ ಹಿಡೀತಾ ಉಂಟು. ಇದನ್ನ ಯಾವಾಗ ಬದಲಾಯಿಸ್ತೀಯ?"