ಹೊಸಬರು ಎದ್ದು ನಿಲ್ಲಿ!

ಚರ್ಚಿನಲ್ಲಿ ಪ್ರಕಟಣೆಗಳೆಲ್ಲ ಮುಗಿದ ಮೇಲೆ ಸೆಕ್ರೆಟರಿಯವರು ಮೈಕಿನಲ್ಲಿ "ಹೊಸದಾಗಿ ಬಂದವರು ದಯವಿಟ್ಟು ಎದ್ದು ನಿಲ್ಲಿ" ಅಂದಾಗ ನಿಲ್ಲದಿದ್ದರೆ ಸೊಕ್ಕು, ನಿಂತರೆ ವಧುಪರೀಕ್ಷೆ. ಇಡೀ ಸಭೆ ಕತ್ತು ತಿರುಗಿಸಿ ನೋಡಿತು, ಚಪ್ಪಾಳೆ ತಟ್ಟಿತು, ಕತ್ತು ವಾಪಸ್ ತಿರುಗಿಸಿಕೊಂಡಿತು. ಸ್ವಾಗತ ಮುಗಿಯಿತು, ಕೂತ್ಕೊಳ್ಳಿ.

ಕೆಲಸದ ಮೇಲೆ ಉಡುಪಿ ಬಿಟ್ಟು ಬೆಂಗಳೂರಿಗೆ ಬಂದವನು, ಕನ್ನಡದಲ್ಲಿ ಆರಾಧನೆ ಇರುವ ಚರ್ಚು ಹುಡುಕಿಕೊಂಡು ಕಳೆದ ಭಾನುವಾರ ಹೋಗಿದ್ದೆ. ಬೇಗ ಹೋದದ್ದಕ್ಕೆ ಫ್ಯಾನಿನ ಕೆಳಗಿನ ಬೆಂಚಿನ ತುದಿಯೇ ಸಿಕ್ಕಿತು. ಮೊದಲ ಹಾಡು ಮುಗಿಯುವಾಗ ಒಬ್ಬ ಅಂಕಲ್ ಬಂದರು. ಎಲ್ಲರೂ ಕೂತರೂ ಅವರು ಕೂರಲಿಲ್ಲ. ಫ್ಯಾನ್ ನೋಡಿದರು, ಬೆಂಚು ನೋಡಿದರು, ನನ್ನನ್ನು ನೋಡಿದರು. ನಾನು ನಕ್ಕೆ. ಅವರು ಕೆಮ್ಮಿದರು. ಒಳಗೆ ಸರಿದೆ. ಕೂತರು. ಆಮೇಲೆ ಬೈಬಲ್, ಹಾಡಿನ ಪುಸ್ತಕ, ಕನ್ನಡಕದ ಡಬ್ಬಿ, ಮಡಚಿದ ಕರ್ಚೀಫು, ಕಾರಿನ ಕೀ ಒಂದೊಂದಾಗಿ ನಮ್ಮಿಬ್ಬರ ನಡುವೆ ಜೋಡಿಸಿದರು. ಒಂದೊಂದಕ್ಕೂ ನಾನೊಂದು ಗೇಣು ಸರಿಯಬೇಕಾಯಿತು. ಕೀ ಇಡುವ ಹೊತ್ತಿಗೆ ಫ್ಯಾನಿನ ಗಾಳಿ ಪೂರ್ತಿ ಅವರ ಪಾಲಿಗೆ, ಗೋಡೆ ನನ್ನ ಪಾಲಿಗೆ. ನನ್ನ ಹತ್ತಿರ ಹಾಡಿನ ಪುಸ್ತಕ ಇರಲಿಲ್ಲ. ಅವರದು ಮುಚ್ಚಿಕೊಂಡು ಮಲಗಿತ್ತು; ಅವರಿಗೆ ಎಲ್ಲ ಬಾಯಿಪಾಠ. ಮೆಲ್ಲಗೆ ಕೈ ಹಾಕಿದೆ. ಕೆಮ್ಮಿದರು.

ಅವತ್ತು ಸುಗ್ಗಿ ಹಬ್ಬ, ಬೆಳೆದದ್ದರಲ್ಲಿ ಒಂದು ಪಾಲನ್ನು ಚರ್ಚಿಗೆ ಕಾಣಿಕೆ ತರುವ ದಿನ. ಓದಿದ್ದು ಬೈಬಲ್ಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ: ಪ್ರಥಮಫಲದ, ಅಂದರೆ ಮೊದಲ ಬೆಳೆಯ ಬುಟ್ಟಿ ತಂದವನು ತನ್ನ ನಡುವೆ ಇರುವ ಪರದೇಶಿಯ ಜೊತೆಯೂ ಸಂತೋಷಪಡಬೇಕು ಅಂತ. ಪರದೇಶಿ ಗೋಡೆಗೆ ಒರಗಿ, ಬೆವರು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ.

ರೊಟ್ಟಿ, ದ್ರಾಕ್ಷಾರಸ ಹಂಚುವ ಪವಿತ್ರ ಸಂಸ್ಕಾರದಲ್ಲಿ ಒಬ್ಬರಿಂದೊಬ್ಬರಿಗೆ ಸಮಾಧಾನ, ಅಂದರೆ ಶಾಂತಿಯ ಹಾರೈಕೆ, ದಾಟಿಸುವ ಕ್ರಮ ಉಂಟಲ್ಲ, ಜೋಡಿಸಿದ ಅಂಗೈಗಳನ್ನು ಪಕ್ಕದವರ ಅಂಗೈಗಳ ನಡುವೆ ಇಟ್ಟು? ನಮಗೆ ಅದರ ಬಗ್ಗೆ ಭಾರೀ ಹೆಮ್ಮೆ. ಹಲವು ಪ್ರಾಟೆಸ್ಟೆಂಟ್ ಚರ್ಚುಗಳು ಒಂದಾಗಿ 1947ರಲ್ಲಿ ಹುಟ್ಟಿದ ನಮ್ಮ ದಕ್ಷಿಣ ಭಾರತ ಸಭೆ (ಸಿಎಸ್ಐ), ಕೇರಳದ ಸಿರಿಯನ್ ಕ್ರೈಸ್ತರಲ್ಲಿದ್ದ ಈ ಪದ್ಧತಿಯನ್ನು 1950ರ ತನ್ನ ಆರಾಧನಾ ಕ್ರಮಕ್ಕೆ ತಂದಿತು; ಅದನ್ನು ನೋಡಿ ಹೊರದೇಶದ ಚರ್ಚುಗಳೂ ಕಲಿತವು. ಅಂಕಲ್ ಕಲಿಯಬೇಕಲ್ಲ! ಮುಂದಿನ ಬೆಂಚಿಗೆ ಕೊಟ್ಟರು, ಹಿಂದಿನ ಬೆಂಚಿಗೆ ಕೊಟ್ಟರು, ನಡುದಾರಿ ದಾಟಿ ಆಚೆಯವರಿಗೂ ಕೊಟ್ಟು, ಯಾರದೋ ಸೈಟಿನ ವಿಚಾರವನ್ನೂ ಮಾತಾಡಿ ಬಂದರು. ನನಗೆ ಎರಡು ಬೆರಳಿನ ತುದಿ ಸಿಕ್ಕಿತು.

ಹೊರಗೆ ಚಹಾದ ಹೊತ್ತಿಗೆ ಇನ್ನೊಬ್ಬರು ಹಿಡಿದುಕೊಂಡರು. "ಉಡುಪಿಯೋರಾ? ಯಾರ ಪೈಕಿ? ತಾತ ಹಂಚಿನ ಕಾರ್ಖಾನೇಲಿದ್ರಾ, ನೇಯ್ಗೇಲಾ?" ಕರಾವಳಿಯಲ್ಲಿ ಹಂಚಿನ ಕಾರ್ಖಾನೆ, ನೇಯ್ಗೆ ನಡೆಸಿದ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಲ್ಲಿಂದ ಹಿಡಿದು ನನ್ನ ವಂಶಾವಳಿ ತೆಗೆದರು. ಅವರ ಭಾವನ ಕಡೆಗೆ ನಾನು ಎಲ್ಲೂ ತಾಗುವುದಿಲ್ಲ ಅಂತ ಖಾತ್ರಿಯಾದದ್ದೇ, ಲೋಟ ಇಟ್ಟು ಹೊರಟರು.

ಊರಿನ ಚರ್ಚಿನಲ್ಲಿ ಕೊನೆ ಬೆಂಚಿನ ಅಜ್ಜಿಯೊಬ್ಬರಿದ್ದರು. ಚಪ್ಪಾಳೆ ಗಿಪ್ಪಾಳೆ ಇಲ್ಲ. ಹೊಸಬರ ಕೈಗೆ ತನ್ನ ಪುಸ್ತಕ ಕೊಟ್ಟು, ಹಾಡುತ್ತಿರುವ ಸಾಲನ್ನು ಬೆರಳಲ್ಲಿ ತೋರಿಸಿ, ಆರಾಧನೆ ಮುಗಿದ ಕೂಡಲೇ "ಮಧ್ಯಾಹ್ನ ಊಟಕ್ಕೆಲ್ಲಿ?" ಅಂತ ಒಂದೇ ಪ್ರಶ್ನೆ. ಅತಿಥಿಗಳನ್ನು ಸತ್ಕರಿಸುವಾಗ ಕೆಲವರು ತಿಳಿಯದೆ ದೇವದೂತರನ್ನೇ ಉಪಚರಿಸಿದ್ದಾರೆ ಅಂತ ಬೈಬಲ್ಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿದೆ. ಅಜ್ಜಿ ಉಪಚರಿಸಿದವರಲ್ಲಿ ಇನ್ಶೂರೆನ್ಸ್ ಏಜೆಂಟರೇ ಜಾಸ್ತಿ. ಆದರೂ ಮುಂದಿನ ಭಾನುವಾರ ಅನ್ನಕ್ಕೆ ಒಂದು ಪಾವು ಅಕ್ಕಿ ಹೆಚ್ಚೇ ಹಾಕಿ ಬರುತ್ತಿದ್ದರು. ಈಗ ಅವರಿಲ್ಲ.

ಹೊರಡುವಷ್ಟರಲ್ಲಿ ಅಂಗಳದಲ್ಲಿ ಕಾಣಿಕೆ ಬಂದ ಫಲಗಳ ಹರಾಜು ಶುರುವಾಯಿತು. ಬಾಳೆಗೊನೆ, ತೆಂಗಿನಕಾಯಿ, ಕೇಕು, ಕಾಲು ಕಟ್ಟಿದ ಒಂದು ಹುಂಜ. ಅವುಗಳ ನಡುವೆ, ಯಾರು ತಂದಿಟ್ಟಿದ್ದರೋ, ಒಂದು ಮಂಗಳೂರು ಸೌತೆ! ಮನಸ್ಸು ತಡೆಯಲಿಲ್ಲ. "ಮುನ್ನೂರು!" ಅಂದೆ. ತಕ್ಷಣ ಯಾರೋ ಕುರ್ಚಿ ಎಳೆದು ಕೊಟ್ಟರು, ಇನ್ಯಾರೋ ಎರಡನೇ ಚಹಾ ತಂದರು, "ಬಿಡ್ಬೇಡಿ ಬ್ರದರ್" ಅಂತ ನಾಲ್ಕು ಕಡೆಯಿಂದ ಪ್ರೋತ್ಸಾಹ. ಸೌತೆಕಾಯಿ ಎಂಟುನೂರು ರೂಪಾಯಿಗೆ ನನ್ನದಾಯಿತು.

ಖಜಾಂಚಿಯವರು ರಸೀದಿ ಪುಸ್ತಕದೊಂದಿಗೆ ಬಂದು ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಂಥೋರು ನಮ್ ಸಭೆಗೆ ಬೇಕು ಬ್ರದರ್. ಹೆಸರು?"

ಬೆಳಗಿನಿಂದ ಅದನ್ನು ಕೇಳಿದವರು ಅವರೊಬ್ಬರೇ.