ಫ್ರೀ ದೇಶದ ಫಸ್ಟ್ ಕ್ಲಾಸು

ಲಕ್ಸಂಬರ್ಗ್ ಟ್ರಾಮ್‌ನ ಆ ರೀಲ್ ನಿಮಗೂ ಬಂದಿರುತ್ತದೆ. ನಮ್ಮವರೇ ಒಬ್ಬರು ಕಂಬಿ ಹಿಡಿದು ನಿಂತು "ಟಿಕೆಟ್ಟೇ ಇಲ್ಲ ಫ್ರೆಂಡ್ಸ್, ಇಡೀ ದೇಶ ಫ್ರೀ" ಅಂತಾರಲ್ಲ, ಅದೇ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪ ಅದಕ್ಕೆ "ದೂರದೃಷ್ಟಿ ಅಂದ್ರೆ ಇದು" ಅಂತ ಕೈಮುಗಿದಿದ್ದಾರೆ. 2023ರ ಜೂನ್‌ನಲ್ಲಿ ಇಲ್ಲಿ ಶಕ್ತಿ ಯೋಜನೆ ಶುರುವಾದಾಗ ಇದೇ ದೊಡ್ಡಪ್ಪ "ಬಿಟ್ಟಿ ಕೊಟ್ಟು ಕೊಟ್ಟು ರಾಜ್ಯ ಮುಳುಗಿಸ್ತಾರೆ" ಅಂದಿದ್ದರು. ಚಳಿ ದೇಶದಲ್ಲಿ ಬಿಟ್ಟಿ ಕೂಡ ಕೆಡೋದಿಲ್ಲ ಅಂತ ಕಾಣುತ್ತೆ.

ದೊಡ್ಡಪ್ಪನ ಜೊತೆ ಜಗಳ ಆಮೇಲೆ. ಲಕ್ಸಂಬರ್ಗ್ ಕೊಡಗಿಗಿಂತ ಚಿಕ್ಕ ದೇಶ, 2,586 ಚದರ ಕಿ.ಮೀ. 2020ರ ಫೆಬ್ರವರಿ 29ರಿಂದ ಅಲ್ಲಿ ಬಸ್ಸು, ಟ್ರೇನು, ಟ್ರಾಮು ಎಲ್ಲಾ ಪುಕ್ಕಟೆ. ಪ್ರವಾಸಿಗರಿಗೂ ಪುಕ್ಕಟೆ, ಆಧಾರ್ ಕೇಳೋರಿಲ್ಲ. ಇಡೀ ದೇಶಕ್ಕೆ ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು. ಎಂಥ ಮುಹೂರ್ತ ನೋಡಿ, ತಿಂಗಳು ತುಂಬುವ ಮೊದಲೇ ಕೊರೋನಾ ಬಂತು. ಎಲ್ಲಿಗೆ ಬೇಕಾದರೂ ಫ್ರೀಯಾಗಿ ಹೋಗಿ ಅಂದ ಸರ್ಕಾರವೇ ಎಲ್ಲಿಗೂ ಹೋಗಬೇಡಿ ಅಂದಿತು.

ನನಗೆ ತುಂಬಾ ಹಿಡಿಸಿದ್ದು ಮಾತ್ರ ಫಸ್ಟ್ ಕ್ಲಾಸು. ಹೌದು, ಟ್ರೇನಿನಲ್ಲಿ ಅದಿನ್ನೂ ಇದೆ, ಅದಕ್ಕೆ ದುಡ್ಡೂ ಕೊಡಬೇಕು. ಉತ್ತರದಿಂದ ದಕ್ಷಿಣಕ್ಕೆ 82 ಕಿ.ಮೀ. ಇರೋ ದೇಶ. ಕೂತು ಕೋಟು ಬಿಚ್ಚಿ ಮಡಚಿಡೋಷ್ಟರಲ್ಲಿ ಇಳಿಯೋ ಸ್ಟೇಷನ್ ಬಂದಿರುತ್ತೆ. ಹಿಂದಿನ ಬೋಗಿಯವನೂ ಅದೇ ನಿಮಿಷಕ್ಕೆ ಇಳೀತಾನೆ, ಅವನ ಜೇಬಿನಿಂದ ಒಂದು ಸೆಂಟೂ ಹೋಗಿರೋದಿಲ್ಲ. ಹಾಗಾದರೆ ಈ ದುಡ್ಡು ಯಾವುದಕ್ಕೆ? ದುಡ್ಡು ಕೊಟ್ಟಿದ್ದಕ್ಕೇ! ಎಲ್ಲರೂ ಪುಕ್ಕಟೆ ಕೂತಿರುವಾಗ ಟಿಕೆಟ್ ತೋರಿಸಿ ಕೂರೋ ಗತ್ತೇ ಬೇರೆ. ಕಂಡಕ್ಟರ್ ಸಾಹೇಬರು ಬಂದು ಟಿಕೆಟ್ ಕೇಳಿದರೆ ಅವಮಾನ ಅಲ್ಲ, ಸನ್ಮಾನ. ಶಾಲು ಹೊದಿಸೋದೊಂದು ಬಾಕಿ.

ಇಷ್ಟೆಲ್ಲಾ ಫ್ರೀ ಆದಮೇಲೆ ರಸ್ತೆ ಖಾಲಿಯಾಗಿರಬೇಕು, ಅಲ್ವಾ? ಸಾವಿರ ಜನಕ್ಕೆ ಹತ್ತಿರಹತ್ತಿರ 680 ಕಾರು. ಕಾರಿನ ಲೆಕ್ಕದಲ್ಲಿ ಯುರೋಪ್ ಒಕ್ಕೂಟದ ಮುಂಚೂಣಿಯಲ್ಲೇ ಇದ್ದಾರೆ. ಸಂಬಳದ ಜೊತೆ ಕಾರನ್ನೂ ಕೊಡೋ ಕಂಪನಿಗಳಿವೆ. ಪೆಟ್ರೋಲ್ ಬೇರೆ ಸುತ್ತಲ ದೇಶಗಳಿಗಿಂತ ಅಗ್ಗ, ಹಾಗಾಗಿ ಪಕ್ಕದ ದೇಶದವರು ಟ್ಯಾಂಕ್ ತುಂಬಿಸೋಕೆ ಅಂತಲೇ ಗಡಿ ದಾಟಿ ಬರುತ್ತಾರೆ. ಬಂದವರು ಸುಮ್ನೆ ಹೋಗ್ತಾರಾ? ಸಿಗರೇಟು, ಕಾಫಿಪುಡಿ ಎಲ್ಲಾ ಡಿಕ್ಕಿಗೆ ತುಂಬಿಕೊಂಡೇ ವಾಪಸ್. ಒಂದು ಕೈಯಲ್ಲಿ ಬಸ್ಸು ಫ್ರೀ, ಇನ್ನೊಂದು ಕೈಯಲ್ಲಿ ಪೆಟ್ರೋಲ್ ತೆರಿಗೆ ಎಣಿಕೆ. ಸರ್ಕಾರಕ್ಕೆ ಎರಡು ಕೈ ಇರೋದು ಇದಕ್ಕೇ.

ಅಂದಹಾಗೆ, ಫ್ರೀ ಆಗೋ ಮೊದಲು ಎರಡು ಗಂಟೆಯ ಟಿಕೆಟ್ ಬರೀ 2 ಯೂರೊ. ಟಿಕೆಟ್‌ನಿಂದ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 4 ಕೋಟಿ ಯೂರೊ, ಸಾರಿಗೆಯ ಖರ್ಚು ಸುಮಾರು 50 ಕೋಟಿ. ತ್ಯಾಗ ಅಂತ ಊರೆಲ್ಲಾ ಡಂಗುರ ಹೊಡೆದದ್ದು ಆ 4 ಕೋಟಿಗೆ.

ಹೋಗಲಿ, ಇಷ್ಟನ್ನು ನಕ್ಕು ಬಿಡಬಹುದು. ನಗು ಬರದ ವಿಷಯ ಒಂದಿದೆ. ಈ ದೇಶಕ್ಕೆ ದಿನಾ ಕೆಲಸಕ್ಕೆ ಬರೋ ಪರದೇಶದವರು ಎರಡು ಲಕ್ಷಕ್ಕೂ ಜಾಸ್ತಿ. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯವರು. ಅವರಲ್ಲಿ ಎಷ್ಟೋ ಜನರಿಗೆ ಅಲ್ಲಿನ ಮನೆ ಬಾಡಿಗೆ ಕೊಡೋಕೆ ಕೈಲಾಗೋದಿಲ್ಲ, ಅದಕ್ಕೇ ಗಡಿಯಾಚೆ ಇರುತ್ತಾರೆ. ಫ್ರಾನ್ಸಿನ ಟಿಯೋನ್‌ವಿಲ್‌ನಿಂದ ಬೆಳಿಗ್ಗೆ ಟ್ರೇನ್ ಹತ್ತಿ ಬಂದು ಬ್ಯಾಂಕಿನ ನೆಲ ಒರೆಸೋ ಹೆಂಗಸು ಗಡಿವರೆಗಿನ ಟಿಕೆಟ್ ತೆಗೆದುಕೊಳ್ಳಲೇಬೇಕು. ಅದೇ ಬ್ಯಾಂಕಿನ ಮ್ಯಾನೇಜರ್ ಮನೆ ಮುಂದೆ ಟ್ರಾಮ್ ಹತ್ತಿದರೆ ಪೂರ್ತಿ ಫ್ರೀ. ಅವರು ಹತ್ತೋದೂ ಇಲ್ಲ, ಕಂಪನಿ ಕಾರಿದೆ. ಇದನ್ನು ತಮಾಷೆ ಮಾಡೋಕೆ ನನಗೂ ಸಾಕಾಗಿದೆ. ಕೊಡೋ ಶಕ್ತಿ ಇರೋರ ಮನೆ ಬಾಗಿಲಿಗೆ ಫ್ರೀ ಹೋಗುತ್ತೆ, ಇಲ್ಲದವರು ಪಾಸ್ ಮಾಡಿಸಿಕೊಂಡು ಓಡಾಡಬೇಕು. ಆ ಹೆಂಗಸಿನ ರೀಲ್ ಯಾರೂ ಮಾಡಿಲ್ಲ, ಮಾಡಿದರೂ ಯಾವ ದೊಡ್ಡಪ್ಪ ಫಾರ್ವರ್ಡ್ ಮಾಡ್ತಾರೆ?